ಹೊರಟು ಹೋಗ್ತೀವಿ ಅನ್ನುವವರು, ಹೋಗಲಾರದವರು

ಎಲ್ಲರಿಗೂ ನಮಸ್ಕಾರ.

ಒಂದು ಹೆಸರಿನಿಂದ ಶುರು ಮಾಡುತ್ತೇನೆ. ಲಾಸ್ ಏಂಜಲೀಸ್ ಲೇಕರ್ಸ್. ಬ್ಯಾಸ್ಕೆಟ್‌ಬಾಲ್ ನೋಡದವರೂ ಈ ಹೆಸರು ಕೇಳಿರುತ್ತೀರಿ. ಲೇಕರ್ಸ್ ಅಂದರೆ ಸರೋವರಗಳ ಊರಿನವರು ಅಂತಿಟ್ಟುಕೊಳ್ಳಿ. ಲಾಸ್ ಏಂಜಲೀಸ್‌ನಲ್ಲಿ ಅಂಥ ಸರೋವರ ಎಲ್ಲಿದೆ? ಇಲ್ಲ. ಅವೆಲ್ಲ ಇರುವುದು ಇಲ್ಲಿ, ನಮ್ಮ ಮಿನ್ನೆಸೋಟದಲ್ಲಿ. ಹತ್ತು ಸಾವಿರ ಸರೋವರಗಳು ಅಂತ ಕಾರಿನ ನಂಬರ್ ಪ್ಲೇಟ್ ಮೇಲೇ ಬರೆದುಕೊಂಡು ಓಡಾಡುವವರು ನಾವು. ಆ ತಂಡ ಮೊದಲು ನಮ್ಮ ಮಿನಿಯಾಪೊಲಿಸ್ ನಗರದ್ದು. ಇಲ್ಲೇ ಐದು ಸಲ ಚಾಂಪಿಯನ್ ಆಗಿತ್ತು. 1960ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೊರಟಿತು. ಹೋಗುವಾಗ ಹೆಸರನ್ನೂ ಗಂಟಿನೊಳಗೆ ಹಾಕಿಕೊಂಡು ಹೋಯಿತು.

1993ರಲ್ಲಿ ಇನ್ನೊಂದು. ಐಸ್ ಹಾಕಿ ತಂಡ, ಮಿನ್ನೆಸೋಟ ನಾರ್ತ್ ಸ್ಟಾರ್ಸ್. ಅದು ಟೆಕ್ಸಸ್‌ನ ಡಲ್ಲಾಸ್‌ಗೆ ಹೋಗಿ ಬರೀ ಸ್ಟಾರ್ಸ್ ಆಯಿತು. ಉತ್ತರವನ್ನು ಇಲ್ಲೇ ಬಿಟ್ಟು ನಕ್ಷತ್ರವನ್ನು ಮಾತ್ರ ಒಯ್ದರು.

ಅಯ್ಯೋ ಪಾಪ ಮಿನ್ನೆಸೋಟ ಅನ್ನಬೇಡಿ. ನಾವೂ ಸಾಚಾಗಳಲ್ಲ. ನಮ್ಮ ಬೇಸ್‌ಬಾಲ್ ತಂಡ ಟ್ವಿನ್ಸ್ ಇದೆಯಲ್ಲ, ಅದು ವಾಷಿಂಗ್ಟನ್‌ನಲ್ಲಿದ್ದ ತಂಡ. 1961ರಲ್ಲಿ ಇಲ್ಲಿಗೆ ಬಂತು. ಕಳೆದುಕೊಂಡವರೂ ನಾವೇ, ಇನ್ನೊಬ್ಬರದನ್ನು ಎತ್ತಿಕೊಂಡು ಬಂದವರೂ ನಾವೇ.

ಈ ಊರಿನ ಸ್ಟೇಡಿಯಂ ಜಗಳಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಇಪ್ಪತ್ತು ವರ್ಷ ಇದನ್ನು ನೋಡುತ್ತಾ ಬಂದವನಿಗೆ ಹೊಳೆದಿದ್ದು ಇಷ್ಟೇ. ಇದು ಇಟ್ಟಿಗೆ ಸಿಮೆಂಟಿನ ಜಗಳ ಅಲ್ಲ. ಯಾರಿಗೆ ಊರು ಬಿಡುವ ಶಕ್ತಿ ಇದೆ, ಯಾರಿಗೆ ಇಲ್ಲ ಅನ್ನುವ ಜಗಳ. ವೃತ್ತಿಪರ ತಂಡ "ಹೊರಟೆ" ಅನ್ನಬಹುದು. ಯೂನಿವರ್ಸಿಟಿ ಆಫ್ ಮಿನ್ನೆಸೋಟದ ಅಮೆರಿಕನ್ ಫುಟ್‌ಬಾಲ್ ತಂಡ ಗೋಫರ್ಸ್ ಎಲ್ಲಿಗೆ ಹೋಗುತ್ತದೆ? ಯೂನಿವರ್ಸಿಟಿಯನ್ನು ಲಾರಿಗೆ ತುಂಬಿಸೋಕೆ ಆಗುತ್ತಾ?

ಹೊರಟೆ ಅನ್ನುವ ಮಾತಿಗೆ ಬೆಲೆ ಬರುವುದು ಲೀಗ್‌ನಿಂದ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ, ಬೇಸ್‌ಬಾಲ್‌ನ ದೊಡ್ಡ ಲೀಗ್‌ನಲ್ಲಿ 30. ಚೆನ್ನಾಗಿ ಆಡಿ ಕೆಳಗಿನಿಂದ ಮೇಲೆ ಬರುವ ದಾರಿ ಇಲ್ಲ. ಹೊಸ ತಂಡ ಬೇಕಾದರೆ ಇರುವ ತಂಡಗಳ ಮಾಲೀಕರೇ ಒಪ್ಪಬೇಕು. ಹಾಗಾಗಿ ತಂಡ ಬೇಕು ಅನ್ನುವ ಊರುಗಳು ಯಾವಾಗಲೂ ಜಾಸ್ತಿ, ತಂಡಗಳು ಕಮ್ಮಿ. ಸಂಗೀತ ಕುರ್ಚಿ ಆಟದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಸುತ್ತು ಹೊಡೆಯುವುದು ಊರುಗಳು. ಕುರ್ಚಿ ತೆಗೆಯುವವರು, ಹಾಡು ನಿಲ್ಲಿಸುವವರು ಎಲ್ಲ ಮಾಲೀಕರೇ.

ಈಗ ಮೆಟ್ರೊಡೋಮ್‌ಗೆ ಬರೋಣ. ಹಳಬರ ಮುಖದಲ್ಲಿ ಆಗಲೇ ನಗು ಕಾಣುತ್ತಿದೆ.

1982ರಲ್ಲಿ ಶುರುವಾದ ಸ್ಟೇಡಿಯಂ ಅದು. ಫೈಬರ್‌ಗ್ಲಾಸ್ ಬಟ್ಟೆಯ ಛಾವಣಿ, ಅದನ್ನು ಹಿಡಿದು ನಿಲ್ಲಿಸಲು ಒಂದು ಕಂಬವೂ ಇಲ್ಲ. ದೊಡ್ಡ ದೊಡ್ಡ ಫ್ಯಾನ್‌ಗಳು ಒಳಗಿನ ಗಾಳಿಯ ಒತ್ತಡ ಹೆಚ್ಚಿಸಿ ಛಾವಣಿಯನ್ನು ಬಲೂನಿನ ಹಾಗೆ ಎತ್ತಿ ಹಿಡಿಯುತ್ತಿದ್ದವು. ಗಾಳಿ ಸೋರಬಾರದೆಂದು ಸುತ್ತುವ ಬಾಗಿಲು. ನಾನು ಮೊದಲ ಸಲ ಹೋದಾಗ ಆಟ ಮುಗಿದ ಮೇಲೆ ಪಕ್ಕದ ಮಾಮೂಲಿ ಬಾಗಿಲು ತೆರೆದರು. ಹೊರಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಗಾಳಿ ನನ್ನನ್ನು ನೂಕಿತು. ಟೋಪಿ ರಸ್ತೆ ದಾಟಿತ್ತು. ಈ ದೇಶದಲ್ಲಿ ನನ್ನನ್ನು ಕತ್ತು ಹಿಡಿದು ಆಚೆ ತಳ್ಳಿದ ಒಂದೇ ಕಟ್ಟಡ ಅದು.

ಟ್ವಿನ್ಸ್, ಎನ್‌ಎಫ್‌ಎಲ್‌ನ ನಮ್ಮ ತಂಡ ವೈಕಿಂಗ್ಸ್, ಗೋಫರ್ಸ್, ಮೂರೂ ಅಲ್ಲೇ ಆಡಬೇಕು. ಒಂದೇ ಸ್ಟೇಡಿಯಂನಲ್ಲಿ ಎಲ್ಲರ ಕೆಲಸ ಮುಗಿಯುತ್ತದೆ, ದುಡ್ಡು ಉಳಿಯುತ್ತದೆ ಅನ್ನುವ ಲೆಕ್ಕ. ಸರಕಾರದ ಲೆಕ್ಕದಲ್ಲಿ ಜಾಣತನವೇ. ಟ್ವಿನ್ಸ್ 1987 ಮತ್ತು 1991ರಲ್ಲಿ ಬೇಸ್‌ಬಾಲ್‌ನ ಫೈನಲ್ ಸರಣಿ ವರ್ಲ್ಡ್ ಸೀರೀಸ್ ಗೆದ್ದಿದ್ದು ಈ ಬಲೂನಿನ ಕೆಳಗೇ. ಆದರೆ ಗೋಫರ್ಸ್ ಕಥೆ ಬೇರೆ. 1924ರಲ್ಲಿ ಕ್ಯಾಂಪಸ್ ಒಳಗೇ ಇಟ್ಟಿಗೆಯ ಮೆಮೋರಿಯಲ್ ಸ್ಟೇಡಿಯಂ ಕಟ್ಟಿದ್ದರು, ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ. 1930ರ ದಶಕದಲ್ಲಿ ದೇಶವನ್ನೇ ನಡುಗಿಸಿದ ತಂಡ ಅದು. ಅಂಥ ತಂಡ ಸ್ವಂತ ಮನೆ ಬಿಟ್ಟು, ನದಿಯಾಚೆ ಪೇಟೆಯ ಮಧ್ಯೆ ಬಾಡಿಗೆಗೆ ಹೋಯಿತು. ಹಳೆಯ ಮನೆಯನ್ನು 1992ರಲ್ಲಿ ಕೆಡವಿದರು.

ಕಾಲೇಜು ಆಟ ಅಂದರೆ ಆಟದ ದಿನ ಹಾಸ್ಟೆಲ್‌ನಿಂದ ನಡೆದುಕೊಂಡು ಹೋಗುವುದು, ಬ್ಯಾಂಡ್‌ನವರ ಹಿಂದೆ ಹೋಗುವುದು, ಹಳೇ ವಿದ್ಯಾರ್ಥಿಗಳು ಮಕ್ಕಳಿಗೆ "ನಾನು ಓದಿದ್ದು ಈ ಬಿಲ್ಡಿಂಗ್‌ನಲ್ಲಿ" ಅಂತ ತೋರಿಸುವುದು. ಇದೆಲ್ಲ ಎರಡು ಮೈಲಿ ದೂರದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬೆಳೆಯುವುದಿಲ್ಲ. ಮಿಷಿಗನ್ ಜೊತೆ 1903ರಲ್ಲಿ ಇಲ್ಲಿ ನಡೆದ ಪಂದ್ಯದ ನಂತರ ಅವರು ಮರೆತು ಹೋದ ನೀರಿನ ಹೂಜಿಗಾಗಿ ಇವತ್ತಿಗೂ ಎರಡು ಯೂನಿವರ್ಸಿಟಿಗಳು ಆಡುತ್ತವೆ, ಗೆದ್ದವರಿಗೆ ಹೂಜಿ. ವಿಸ್ಕಾನ್ಸಿನ್ ಜೊತೆ ಒಂದು ಕೊಡಲಿಗಾಗಿ. ಹೂಜಿ, ಕೊಡಲಿ ಅಂತ ಬಡಿದಾಡುವವರಿಗೆ ಸ್ವಂತ ಅಂಗಳ ಬೇಕೇ ಬೇಕು ಅಲ್ವಾ?

ಬೇರೆ ಯೂನಿವರ್ಸಿಟಿಗಳೂ ಈ ಹಾದಿ ಹಿಡಿದಿವೆ. ಪಿಟ್ಸ್‌ಬರ್ಗ್ ಯೂನಿವರ್ಸಿಟಿ 1999ರಲ್ಲಿ ತನ್ನ ಸ್ಟೇಡಿಯಂ ಒಡೆದು, ಅದೇ ಊರಿನ ಎನ್‌ಎಫ್‌ಎಲ್ ತಂಡ ಸ್ಟೀಲರ್ಸ್‌ನ ಸ್ಟೇಡಿಯಂನಲ್ಲಿ ಆಡತೊಡಗಿತು. ಇವತ್ತಿಗೂ ಸ್ಟೀಲರ್ಸ್ ಜೊತೆಗೇ ಇದೆ. ನಮ್ಮವರು ಮಾತ್ರ ವಾಪಸ್ ಬಂದರು. 2009ರಲ್ಲಿ ಕ್ಯಾಂಪಸ್‌ನಲ್ಲಿ ಹೊಸ ಸ್ಟೇಡಿಯಂ ತೆರೆಯಿತು, ಸುಮಾರು 50,000 ಸೀಟು, ಖರ್ಚು ಸುಮಾರು 29 ಕೋಟಿ ಡಾಲರ್. ಅರ್ಧಕ್ಕೆ ಹತ್ತಿರದಷ್ಟು ರಾಜ್ಯದ್ದು. ಸ್ಟೇಡಿಯಂಗೆ ತನ್ನ ಹೆಸರಿಡಲು ಒಂದು ಬ್ಯಾಂಕ್ 3.5 ಕೋಟಿ ಡಾಲರ್ ಕೊಟ್ಟಿತು. ವಿದ್ಯಾರ್ಥಿಗಳ ಫೀಸಿನಲ್ಲೂ ವರ್ಷಕ್ಕೆ 25 ಡಾಲರ್ ಸೇರಿತು. ಫುಟ್‌ಬಾಲ್ ಮುಖವನ್ನೇ ನೋಡದ ಪಿಎಚ್‌ಡಿ ಹುಡುಗನೂ ಅದನ್ನು ಕಟ್ಟಬೇಕು. ಈ ಸಭೆಯಲ್ಲೇ ಒಂದಿಬ್ಬರು ಕಟ್ಟಿದವರಿರಬಹುದು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಶ್ರೀಮಂತರು ಕೂರುವ ಸೂಟ್‌ಗಳಲ್ಲಿ ಮಾತ್ರ ಬಿಯರು, ವೈನು ಮಾರುತ್ತೇವೆ ಅಂತ ಯೂನಿವರ್ಸಿಟಿ ಹೊರಟಿತು. ರಾಜ್ಯದ ಶಾಸಕರು, ಹಾಗಾದರೆ ಸಾಮಾನ್ಯ ಸೀಟಿನವರಿಗೂ ಕೊಡಿ, ಇಲ್ಲಾ ಯಾರಿಗೂ ಬೇಡ ಅಂದರು. ಯೂನಿವರ್ಸಿಟಿ ಯಾರಿಗೂ ಬೇಡ ಅಂತ ಕೂತಿತು. ಮೂರು ಸೀಸನ್ ಸೂಟ್‌ನವರೂ ಸೋಡಾ ಕುಡಿದುಕೊಂಡು ಆಟ ನೋಡಿದರು. 2012ರಲ್ಲಿ ರಾಜಿಯಾಯಿತು. ಕೋಟಿಗಟ್ಟಲೆ ಡಾಲರಿನ ಚರ್ಚೆಗಿಂತ ಈ ಬಿಯರ್ ಚರ್ಚೆ ಜಾಸ್ತಿ ಜನರಿಗೆ ಅರ್ಥವಾಗಿತ್ತು ಅಂತ ನನ್ನ ಅನುಮಾನ.

ಗೋಫರ್ಸ್ ಮನೆ ಕಟ್ಟುವಾಗ ಯಾರೂ ಬೆದರಿಕೆ ಹಾಕಲಿಲ್ಲ. ಹಾಕಲು ಆಗುತ್ತಿರಲಿಲ್ಲ. ಟ್ವಿನ್ಸ್ ವಿಷಯ ನೋಡಿ. 2001ರ ನವೆಂಬರ್‌ನಲ್ಲಿ ಬೇಸ್‌ಬಾಲ್ ಮಾಲೀಕರು ಸೇರಿ ಎರಡು ತಂಡಗಳನ್ನು ಮುಚ್ಚಿಬಿಡೋಣ ಅಂತ ಮತ ಹಾಕಿದರು. ಊರು ಬದಲಿಸುವುದಲ್ಲ, ಮುಚ್ಚುವುದು. ಆ ಎರಡರಲ್ಲಿ ಟ್ವಿನ್ಸ್ ಒಂದು ಅಂತ ಎಲ್ಲರ ಬಾಯಲ್ಲೂ ಇತ್ತು. ಉಳಿಸಿದ್ದು ಅಭಿಮಾನಿಗಳಲ್ಲ, ಮೆಟ್ರೊಡೋಮ್‌ನ ಬಾಡಿಗೆ ಕರಾರು. 2002ರ ಸೀಸನ್ ಇಲ್ಲೇ ಆಡುತ್ತೇವೆ ಅಂತ ಅದರಲ್ಲಿತ್ತು. ಇಲ್ಲಿನ ಕೋರ್ಟು, ಬರೆದಿದ್ದೀರಲ್ಲ, ಆಡಿ ಅಂದಿತು. ಮುಚ್ಚಬೇಕಾಗಿದ್ದ ತಂಡ ಆ ವರ್ಷ ತನ್ನ ಡಿವಿಷನ್ ಗೆದ್ದುಬಿಟ್ಟಿತು! ಬೇಸ್‌ಬಾಲ್ ಅಂದರೆ ನನಗೆ ಅಷ್ಟಕ್ಕಷ್ಟೆ, ಆದರೆ ಆ ವರ್ಷ ನಾನೂ ಕೂಗಿದೆ.

ಆ ಭಯ ಮಾತ್ರ ಉಳಿಯಿತು. 2006ರಲ್ಲಿ ಟ್ವಿನ್ಸ್‌ಗೆ ಹೊಸ ಸ್ಟೇಡಿಯಂ ಕಟ್ಟಲು ಮಿನಿಯಾಪೊಲಿಸ್ ಇರುವ ಹೆನೆಪಿನ್ ಕೌಂಟಿಯಲ್ಲಿ ಶೇಕಡಾ 0.15ರ ಮಾರಾಟ ತೆರಿಗೆಗೆ ಒಪ್ಪಿಗೆ ಸಿಕ್ಕಿತು. ಇಪ್ಪತ್ತು ಡಾಲರ್ ಸಾಮಾನಿಗೆ ಮೂರು ಸೆಂಟ್. ಮೂರು ಸೆಂಟ್‌ಗೆ ಯಾರು ಜಗಳ ಆಡ್ತಾರೆ? ಅದೇ ಅದರ ಜಾಣತನ. ಜನರ ಮತಕ್ಕೆ ಹಾಕದೆಯೇ ಅದನ್ನು ತರಲು ಶಾಸಕರು ಅನುಮತಿ ಕೊಟ್ಟರು. 2010ರಲ್ಲಿ ಟಾರ್ಗೆಟ್ ಫೀಲ್ಡ್ ತೆರೆಯಿತು. ಬಯಲು ಸ್ಟೇಡಿಯಂ, ಚೆಂದವಾಗಿದೆ, ಅದನ್ನು ಒಪ್ಪಲೇಬೇಕು.

ಅದೇ ವರ್ಷ ಡಿಸೆಂಬರ್ 12ರಂದು ಹಿಮದ ಭಾರಕ್ಕೆ ಮೆಟ್ರೊಡೋಮ್‌ನ ಛಾವಣಿ ಹರಿಯಿತು. ಒಳಗಿನ ಕ್ಯಾಮರಾ ತೆಗೆದ ವಿಡಿಯೋ ನೀವು ನೋಡಿರುತ್ತೀರಿ, ಹಿಟ್ಟಿನ ಮೂಟೆ ಒಡೆದ ಹಾಗೆ ಹಿಮ ಮೈದಾನಕ್ಕೆ ಸುರಿಯುತ್ತದೆ. ವೈಕಿಂಗ್ಸ್‌ಗೆ ಮನೆಯಿಲ್ಲ. ಒಂದು ಪಂದ್ಯಕ್ಕೆ ಡೆಟ್ರಾಯಿಟ್‌ಗೆ ಹೋದರು. ಮುಂದಿನ ಪಂದ್ಯಕ್ಕೆ ಆಶ್ರಯ ಕೊಟ್ಟಿದ್ದು ಯಾರು ಹೇಳಿ? ಗೋಫರ್ಸ್. ಜನ ಸಲಿಕೆ ಹಿಡಿದು ಸೀಟುಗಳ ಮೇಲಿನ ಹಿಮ ತೆಗೆದರು. ಆಮೇಲೆ ತಮ್ಮ ಹೊಸ ಸ್ಟೇಡಿಯಂ ಕಟ್ಟುವಾಗಲೂ 2014 ಮತ್ತು 2015ರ ಸೀಸನ್‌ಗಳನ್ನು ವೈಕಿಂಗ್ಸ್ ಅಲ್ಲೇ ಆಡಿದರು. 2016ರ ಜನವರಿಯ ಪ್ಲೇಆಫ್ ಪಂದ್ಯ, ಸಿಯಾಟಲ್ ವಿರುದ್ಧ, ಮೈನಸ್ 21 ಸೆಲ್ಸಿಯಸ್. ಕೊನೆಯಲ್ಲಿ 27 ಗಜದ ಸುಲಭದ ಕಿಕ್ ತಪ್ಪಿ 10–9ರಿಂದ ಸೋತರು. ಅದರ ಬಗ್ಗೆ ನಾನು ಮಾತಾಡುವುದಿಲ್ಲ.

ವೈಕಿಂಗ್ಸ್‌ನ ಆ ಹೊಸ ಸ್ಟೇಡಿಯಂ ಬಂದ ಬಗೆ ಕೇಳಿ. 2012ರ ಏಪ್ರಿಲ್‌ನಲ್ಲಿ ಅದಕ್ಕೆ ದುಡ್ಡು ಕೊಡುವ ಮಸೂದೆ ಶಾಸಕರ ಸಮಿತಿಯೊಂದರಲ್ಲಿ ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ಎನ್‌ಎಫ್‌ಎಲ್ ಕಮಿಷನರ್ ರೋಜರ್ ಗುಡೆಲ್ ಖುದ್ದಾಗಿ ರಾಜ್ಯದ ರಾಜಧಾನಿ ಸೇಂಟ್ ಪಾಲ್‌ಗೆ ಬಂದಿಳಿದರು. ಹೊರಟು ಹೋಗ್ತೀವಿ ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆಗ ಲಾಸ್ ಏಂಜಲೀಸ್ ಖಾಲಿ ಇತ್ತು. 1995ರಿಂದ 2015ರವರೆಗೆ ಅಲ್ಲಿ ಒಂದೂ ಎನ್‌ಎಫ್‌ಎಲ್ ತಂಡ ಇರಲಿಲ್ಲ. ಅಷ್ಟು ದೊಡ್ಡ ಊರು ಖಾಲಿ ಇರುವುದು ಲೀಗ್‌ಗೆ ನಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಖಾಲಿ ಲಾಸ್ ಏಂಜಲೀಸ್ ತೋರಿಸಿ ಬೇರೆ ಊರುಗಳಲ್ಲಿ ಸ್ಟೇಡಿಯಂ ಕಟ್ಟಿಸಿಕೊಳ್ಳಬಹುದಿತ್ತು. ಲೇಕರ್ಸ್‌ನ ಒಯ್ದ ಅದೇ ಊರು ನೋಡಿ. ನಮ್ಮನ್ನು ಹೆದರಿಸಲು ಬೇರೆ ಹೆಸರು ಬೇಕಿರಲಿಲ್ಲ.

ಮೇ ತಿಂಗಳಲ್ಲಿ ಮಸೂದೆ ಪಾಸಾಯಿತು. ಒಟ್ಟು ಖರ್ಚು ಕೊನೆಗೆ ಸುಮಾರು 110 ಕೋಟಿ ಡಾಲರ್. ಸಾರ್ವಜನಿಕರ ಪಾಲು 49.8 ಕೋಟಿ: ರಾಜ್ಯದ್ದು 34.8, ಮಿನಿಯಾಪೊಲಿಸ್ ನಗರದ್ದು 15. ನಗರದ ಜನ 1997ರಲ್ಲೇ ಮತ ಹಾಕಿ, ಕ್ರೀಡಾಂಗಣಕ್ಕೆ ಒಂದು ಕೋಟಿ ಡಾಲರಿಗಿಂತ ಜಾಸ್ತಿ ಖರ್ಚು ಮಾಡುವುದಿದ್ದರೆ ನಮ್ಮನ್ನು ಕೇಳಬೇಕು ಅಂತ ನಿಯಮ ಮಾಡಿಕೊಂಡಿದ್ದರು. ಅದನ್ನು ಪಕ್ಕಕ್ಕಿಟ್ಟರು. ನಗರಸಭೆಯಲ್ಲಿ 7–6. ಒಂದೇ ಮತ.

ರಾಜ್ಯದ ದುಡ್ಡು ಬರಬೇಕಾಗಿದ್ದು ಜೂಜಿನಿಂದ. ಬಾರ್‌ಗಳಲ್ಲಿ ಪುಲ್‌ಟ್ಯಾಬ್ ಅಂತ ಹರಿದು ನೋಡುವ ಚೀಟಿ ಮಾರುತ್ತಾರಲ್ಲ, ಅದರ ಎಲೆಕ್ಟ್ರಾನಿಕ್ ರೂಪ. ಶುರುವಿನಲ್ಲಿ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಮರುವರ್ಷ ಸಿಗರೇಟ್ ತೆರಿಗೆಯನ್ನು ಎಳೆದು ತಂದು ತೂತು ಮುಚ್ಚಿದರು. ನಾನೂ ಆಗ ಸಿಕ್ಕವರ ಹತ್ತಿರವೆಲ್ಲ ನಕ್ಕೆ. ನ್ಯಾಯವಾಗಿ ಮುಂದಿನದನ್ನೂ ಹೇಳಬೇಕು. ಆ ಜೂಜು ಆಮೇಲೆ ವಿಪರೀತ ಬೆಳೆಯಿತು, ಸಾಲವನ್ನು ರಾಜ್ಯ ಅವಧಿಗೆ ಬಹಳ ಮೊದಲೇ, 2023ರಲ್ಲಿ ತೀರಿಸಿಬಿಟ್ಟಿತು. ಸ್ಟೇಡಿಯಂಗೆ ತೆರಿಗೆ ದುಡ್ಡು ಬೇಡ ಅನ್ನುವ ನನ್ನಂಥವರು ಸ್ವಲ್ಪ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

ಹಾಗಂತ ಊರು ಉದ್ಧಾರವಾಯಿತೇ? ಅರ್ಥಶಾಸ್ತ್ರಜ್ಞರು ಯಾವ ವಿಷಯದಲ್ಲೂ ಒಂದಾಗುವುದಿಲ್ಲ. ಇದರಲ್ಲಿ ಹೆಚ್ಚುಕಮ್ಮಿ ಒಂದಾಗಿದ್ದಾರೆ, ಸ್ಟೇಡಿಯಂಗೆ ಹಾಕಿದ ಸಾರ್ವಜನಿಕ ದುಡ್ಡು ವಾಪಸ್ ಹುಟ್ಟುವುದಿಲ್ಲ ಅಂತ. ಕಾರಣ ಸರಳ. ಒಂದು ಮನೆ ತಿಂಗಳಿಗೆ ಸಿನಿಮಾ, ಹೋಟೆಲ್, ಆಟಕ್ಕೆ ಇಷ್ಟು ಅಂತ ಖರ್ಚು ಮಾಡುತ್ತದೆ. ಫುಟ್‌ಬಾಲ್ ಟಿಕೆಟ್ ಕೊಂಡವರು ಆ ವಾರ ಹೋಟೆಲಿಗೆ ಹೋಗುವುದಿಲ್ಲ. ದುಡ್ಡು ಹೊಸದಾಗಿ ಹುಟ್ಟುವುದಿಲ್ಲ, ಜೇಬು ಬದಲಿಸುತ್ತದೆ. ಬೇಸ್‌ಬಾಲ್ ಆದರೆ ವರ್ಷಕ್ಕೆ 81 ಪಂದ್ಯ ಊರಲ್ಲಿ. ಎನ್‌ಎಫ್‌ಎಲ್ ತಂಡ ಊರಲ್ಲಿ ಆಡುವುದು ಹತ್ತೇ ಹತ್ತು ದಿನ. ಮನಸ್ಸಿಗೆ ಖುಷಿ ಕೊಡುತ್ತದೆ, ಪಾರ್ಕಿನ ಹಾಗೆ, ಅದಕ್ಕೆ ದುಡ್ಡು ಕೊಡ್ತೀವಿ ಅಂತ ಹೇಳಿ, ಒಪ್ಪುತ್ತೇನೆ. ಉದ್ಯೋಗ ಬರುತ್ತದೆ ಅಂತ ಸುಮ್ನೆ ಹೇಳಬೇಡಿ.

ನಮ್ಮ ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನ ಗ್ರೀನ್ ಬೇ ಊರನ್ನು ಯಾರೂ ಹೀಗೆ ಹೆದರಿಸಲಾರರು. ಅಲ್ಲಿನ ಎನ್‌ಎಫ್‌ಎಲ್ ತಂಡ ಪ್ಯಾಕರ್ಸ್‌ನ ಷೇರುಗಳು ಜನರ ಕೈಯಲ್ಲಿವೆ. ಲಾಭ ಹಂಚುವ ಹಾಗಿಲ್ಲ, ಮಾರಿಕೊಂಡು ಹೋಗಲು ಒಬ್ಬ ಮಾಲೀಕನೂ ಇಲ್ಲ. ಪುಟ್ಟ ಊರು, ನೂರು ವರ್ಷದ ತಂಡ. ಇನ್ನೊಂದು ತಂಡ ಹಾಗೆ ಹುಟ್ಟದಂತೆ ಲೀಗ್ ನಿಯಮ ಮಾಡಿಕೊಂಡಿದೆ. ವೈಕಿಂಗ್ಸ್ ಅಭಿಮಾನಿಯಾಗಿ ಪ್ಯಾಕರ್ಸ್‌ನ ಹೊಗಳುವುದು ನನಗೆ ಕಷ್ಟ. ಈ ವಿಷಯದಲ್ಲಿ ಮಾತ್ರ ಹೊಗಳಿದೆ, ಮುಗಿಯಿತು.

ಹೋಗಲಾರದವರು ಅಂದೆನಲ್ಲ, ಆ ಕಾಲೇಜು ತಂಡಗಳೂ ಈಗ ಬೇರೆ ರೀತಿ ಹೋಗುವುದನ್ನು ಕಲಿತಿವೆ. ಕ್ಯಾಂಪಸ್ ಬಿಡುವುದಿಲ್ಲ, ಕಾನ್ಫರೆನ್ಸ್ ಬಿಡುತ್ತವೆ, ಅಂದರೆ ಕಾಲೇಜುಗಳು ಸೇರಿ ಆಡುವ ಒಕ್ಕೂಟ. 2024ರಲ್ಲಿ ಲಾಸ್ ಏಂಜಲೀಸ್‌ನ ಯೂನಿವರ್ಸಿಟಿಗಳಾದ ಯುಸಿಎಲ್‌ಎ, ಯುಎಸ್‌ಸಿ ಎರಡೂ ನಮ್ಮ ಒಕ್ಕೂಟ ಬಿಗ್ ಟೆನ್‌ಗೆ ಬಂದವು, ಟಿವಿ ದುಡ್ಡಿಗಾಗಿ. ಹೆಸರಿನಲ್ಲಿ ಹತ್ತು, ಲೆಕ್ಕದಲ್ಲಿ 18. 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಆಟಗಾರರಿಗೆ ಅದು ನ್ಯಾಯ, ಎಂದೋ ಆಗಬೇಕಿತ್ತು. ಆದರೆ ಆ ದುಡ್ಡು ಎಲ್ಲಿಂದಾದರೂ ಬರಬೇಕು. ಇನ್ನಷ್ಟು ಸೂಟ್‌ಗಳು, ಇನ್ನಷ್ಟು ಹೆಸರು ಮಾರಾಟ. ಆ 25 ಡಾಲರ್ ಫೀಸನ್ನು ನೆನಪಿಟ್ಟುಕೊಳ್ಳಿ.

ಏನು ಮಾಡಬಹುದು ಅಂತ ಕೇಳುತ್ತೀರಿ. ಕರಾರು ಓದಬಹುದು. ತಮಾಷೆಯಲ್ಲ. ಟ್ವಿನ್ಸ್ ಉಳಿದಿದ್ದು ಕರಾರಿನಿಂದ. ಸಿಯಾಟಲ್‌ಗೂ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ 2010ರವರೆಗೆ ಕರಾರಿತ್ತು. 2008ರಲ್ಲಿ ನಗರ 4.5 ಕೋಟಿ ಡಾಲರಿಗೆ ರಾಜಿಯಾಯಿತು, ತಂಡ ಒಕ್ಲಹೋಮ ಸಿಟಿಗೆ ಹೋಯಿತು. ಆದರೆ ಸೂಪರ್‌ಸಾನಿಕ್ಸ್ ಅನ್ನುವ ಹೆಸರು, ಬಣ್ಣ ಸಿಯಾಟಲ್‌ನಲ್ಲೇ ಉಳಿಯಿತು. ಕ್ಲೀವ್‌ಲ್ಯಾಂಡ್ ಕೂಡ 1996ರಲ್ಲಿ ತನ್ನ ಫುಟ್‌ಬಾಲ್ ತಂಡ ಬಾಲ್ಟಿಮೋರ್‌ಗೆ ಹೋಗುವಾಗ ಬ್ರೌನ್ಸ್ ಹೆಸರನ್ನು ಬಿಟ್ಟುಕೊಡಲಿಲ್ಲ.

ನಮ್ಮ ರಾಜ್ಯವೂ ಕಲಿತಿದೆ. ಟ್ವಿನ್ಸ್ ಮತ್ತು ವೈಕಿಂಗ್ಸ್ ಸ್ಟೇಡಿಯಂ ಕಾನೂನುಗಳಲ್ಲಿ ಒಂದು ಸಾಲಿದೆ. ತಂಡ ರಾಜ್ಯ ಬಿಟ್ಟು ಹೋದರೆ ಹೆಸರು, ಲಾಂಛನ, ಬಣ್ಣ, ದಾಖಲೆ, ಟ್ರೋಫಿ ಎಲ್ಲ ಮಿನ್ನೆಸೋಟಕ್ಕೆ ಸೇರುತ್ತದೆ ಅಂತ. ಲೇಕರ್ಸ್ ಹೋದಾಗ ಇಂಥ ಸಾಲು ಎಲ್ಲೂ ಇರಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ವೈಕಿಂಗ್ಸ್ ಸೂಪರ್ ಬೌಲ್ ಯಾವಾಗ ಗೆಲ್ಲುತ್ತಾರೆ ಅನ್ನುವುದೊಂದು ಬಿಟ್ಟು.