ಏಡಿ ನೋಡಲು ಹೋಗಿ, ಕತ್ತಲು ನೋಡಿ ಬಂದೆ

ಸ್ವಲ್ಪ ತಾಳಿ, ವಿಡಿಯೋ ಝೂಮ್ ಮಾಡುತ್ತಿದ್ದೇನೆ. ಹಾಂ, ಕಪ್ಪು ಕಲ್ಲಿನ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತಿದೆಯಲ್ಲ, ಅವೆಲ್ಲ ಏಡಿಗಳು. ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ಬಿಳಿ ಮೈ, ಕಣ್ಣು ಕಾಣುವುದಿಲ್ಲ.

ಇದು ಸ್ಪೇನಿಗೆ ಸೇರಿದ ಲ್ಯಾಂಜರೋಟೆ ದ್ವೀಪ. ಗುಹೆಯ ಹೆಸರು ಹಾಮೆಯೋಸ್ ಡೆಲ್ ಆಗುವಾ. ಗುಹೆಯೊಳಗಿನ ಕೊಳಕ್ಕೆ ಕಾಸು ಹಾಕಬೇಡಿ ಅನ್ನುತ್ತಾರೆ ಇಲ್ಲಿ. ಲೋಹ ಉಪ್ಪುನೀರಿನಲ್ಲಿ ಕರಗಿದರೆ ಈ ಏಡಿಗಳಿಗೆ ವಿಷ. ಹೊಳೆ ಕಂಡರೆ ಸಾಕು, ಜೇಬಿಗೆ ಕೈ ಹಾಕುವವರು ನಾವು, ಅಲ್ವಾ? ಸುಮ್ನೆ ಕೈ ಕಟ್ಟಿಕೊಂಡು ನಿಂತೆ.

ಆದರೆ ನನ್ನ ತಲೆ ತುಂಬಾ ಇದ್ದದ್ದು ಕೊಳದಾಚೆಯ ಸುರಂಗ. ಲಾ ಕೊರೊನಾ ಜ್ವಾಲಾಮುಖಿಯ ಲಾವಾ ಹರಿಯುವಾಗ ಮೇಲ್ಭಾಗ ಗಟ್ಟಿಯಾಯಿತು, ಒಳಗಿನದು ಹರಿದುಹೋಯಿತು. ಉಳಿದದ್ದು ಕಲ್ಲಿನ ಕೊಳವೆ. ಆಮೇಲೆ ಸಮುದ್ರ ಏರಿ ಅದು ಮುಳುಗಿತು. ಕಡಲ ತಳದ ಕೆಳಗೆ ಸುಮಾರು ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಆ ತುದಿಯಲ್ಲಿ ಬಾಗಿಲಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರಬೇಕು.

ಅಲ್ಲಿಗೆ 2008ರಲ್ಲಿ ಡೈವರ್‌ಗಳ ತಂಡ ಇಳಿಯಿತು. ಸಿಕ್ಕಿದ್ದು ಒಂದು ರೆಮಿಪೀಡ್. ಏಡಿ, ಸೀಗಡಿಗಳ ಕುಲದ್ದೇ, ಆದರೆ ನೋಡಲು ಥೇಟ್ ಬಿಳಿ ಜರಿ. ಕಣ್ಣಿಲ್ಲ. ಅಂಗಾತ ಮಲಗಿಕೊಂಡು, ಸಾಲು ಕಾಲುಗಳನ್ನು ದೋಣಿಯ ಹುಟ್ಟಿನ ಹಾಗೆ ಬೀಸುತ್ತಾ ಈಜುತ್ತದೆ. ಈ ಸುರಂಗದ್ದೇ ಒಂದು ಜಾತಿ 1980ರ ದಶಕದಿಂದಲೇ ಗೊತ್ತಿತ್ತು. ಇದು ಅದಲ್ಲ, ಅದರ ಹತ್ತಿರದ ನೆಂಟ, ಬೇರೆಯೇ ಜಾತಿ ಅಂತ 2009ರಲ್ಲಿ ಪ್ರಕಟವಾಯಿತು. ಕತ್ತಲಲ್ಲಿ ಒಂದೇ ಥರ ಕಾಣುವ ಎರಡು ಹುಳ! ಬೇರೆ ಬೇರೆ ಅಂತ ಗುರುತಿಸಿದವರ ತಾಳ್ಮೆ ದೊಡ್ಡದು.

ಈ ಗುಂಪಿನ ಜೀವಂತ ಪ್ರಾಣಿಯನ್ನು 1979ರಲ್ಲಿ ಬಹಾಮಾಸ್‌ನ ಗುಹೆಯೊಂದರಲ್ಲಿ ಮೊದಲು ಕಂಡವರು ಜೀವವಿಜ್ಞಾನಿ ಜಿಲ್ ಯೇಗರ್. ಗೊತ್ತಿದ್ದ ಯಾವ ವರ್ಗಕ್ಕೂ ಅದು ಒಗ್ಗಲಿಲ್ಲ, 1981ರಲ್ಲಿ ಅದಕ್ಕೇ ಹೊಸ ವರ್ಗ ಮಾಡಿದರು. ಮೆಕ್ಸಿಕೋದ ಇದರ ನೆಂಟನಿಗೆ ವಿಷದ ಹಲ್ಲೂ ಇದೆ. ಲೆಕ್ಕಕ್ಕೆ ಏಡಿಗಳ ಕುಲವೇ ಆದರೂ, ಡಿಎನ್‌ಎ ನೋಡಿದರೆ ಇವು ಏಡಿಗಿಂತ ಜಿರಲೆ, ಚಿಟ್ಟೆಗಳಿಗೇ ಹತ್ತಿರ.

ನನಗೆ ಜಾಸ್ತಿ ಕಾಡಿದ್ದು ಬೇರೆಯದೇ. ಈ ಸುರಂಗಕ್ಕೆ ಇಪ್ಪತ್ತು ಸಾವಿರ ವರ್ಷದ ಆಸುಪಾಸು. ರೆಮಿಪೀಡ್‌ಗಳ ಕುಲ ಕೋಟ್ಯಂತರ ವರ್ಷ ಹಳೆಯದು. ಮನೆ ಮೊನ್ನೆಯದು, ಬಾಡಿಗೆಯವರು ಅನಾದಿ ಕಾಲದವರು. ಹಾಗಾದರೆ ಅಲ್ಲಿಯವರೆಗೆ ಎಲ್ಲಿದ್ದರು? ಕಡಲ ಕೆಳಗಿನ ಬಂಡೆಯ ಬಿರುಕುಗಳಲ್ಲೇ?

ಮುಂದಿನ ಹತ್ತು ಸೆಕೆಂಡ್ ಪರದೆ ಪೂರ್ತಿ ಕಪ್ಪು. ಫೋನ್ ಅಲ್ಲಾಡಿಸಬೇಡಿ. ಕೊಳದ ಆ ತುದಿಗೆ ಕ್ಯಾಮೆರಾ ಹಿಡಿದಿದ್ದೆ, ಬಂದದ್ದು ಇಷ್ಟೇ.