ಐ7 ಅಂದ್ರೆ ಸಾಲದು, ಪೂರ್ತಿ ಮಾಡೆಲ್ ನಂಬರ್ ಕೇಳಿ

ನಮಸ್ಕಾರ. ಮೊದಲ ಸಲ ಸ್ವಂತ ಗೇಮಿಂಗ್ ಪಿಸಿ ಜೋಡಿಸಬೇಕು ಅಂತ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಮಾರುಕಟ್ಟೆ ಎಸ್‌ಪಿ ರೋಡಿಗೆ ಹೋದವರ ಕೈಗೆ ಸಿಗೋ ಕೊಟೇಶನ್ ಎಷ್ಟೋ ಸಲ ಹೀಗಿರುತ್ತೆ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 600 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ಕರೆಂಟ್ ಕೊಡೋ ಪೆಟ್ಟಿಗೆ), ಆರ್‌ಜಿಬಿ ಕ್ಯಾಬಿನೆಟ್. ಓದೋಕೆ ಜೋರಾಗಿದೆ. ಆದರೆ ನಿಮಗೆ ಯಾವ ಸಾಮಾನು ಕೊಡ್ತಾರೆ ಅನ್ನೋದೇ ಆ ಚೀಟಿಯಲ್ಲಿಲ್ಲ. ಇವತ್ತು ನಾನು ಹೇಳೋಕೆ ಹೊರಟಿರೋದು ಇದೊಂದೇ ವಿಷಯ. ಪ್ರತಿ ಭಾಗಕ್ಕೂ ದೊಡ್ಡ ಅಕ್ಷರದಲ್ಲಿ ಹೇಳೋ ಒಂದು ಸಂಖ್ಯೆ ಇರುತ್ತೆ, ಅದನ್ನ ನೋಡಿ ದುಡ್ಡು ಕೊಡಬೇಡಿ. ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಳ್ಳಿ.

ಐ7 ಅಂದ್ರಲ್ಲ, ಯಾವ ಐ7? 2011ರಲ್ಲಿ ಬಂದ ಇಂಟೆಲ್‌ನ 2ನೇ ಪೀಳಿಗೆಯ ಐ7-2600 ಕೂಡ ಐ7ನೇ. ಅದರಲ್ಲಿರೋದು 4 ಕೋರ್ (ಲೆಕ್ಕ ಮಾಡೋ ಘಟಕ), 8 ಥ್ರೆಡ್ (ಒಮ್ಮೆಗೇ ನಡೆಸೋ ಕೆಲಸದ ಸಾಲು). 2022ರ ಐ3-12100 ಅನ್ನೋ ಸಣ್ಣ ಪ್ರೊಸೆಸರಿನಲ್ಲೂ ಅಷ್ಟೇ ಕೋರ್ ಇವೆ, ಆದರೆ ಒಂದೊಂದು ಕೋರೂ ಆ ಹಳೆಯದಕ್ಕಿಂತ ಎಷ್ಟೋ ಮುಂದೆ. ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಇರೋದು 8ನೇ ಪೀಳಿಗೆಯಿಂದ ಈಚೆಗೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯ್ತು. ಹಾಗಾಗಿ ಹಳೇ ಐ7 ಹಾಕಿರೋ 'ಗೇಮಿಂಗ್ ಪಿಸಿ'ಯನ್ನ ಯಾರಾದ್ರೂ ತುಂಬಾ ಕಡಿಮೆಗೆ ಕೊಡ್ತೀನಿ ಅಂದ್ರೆ, ಬೇಡ.

4 ಜಿಬಿ ಕಾರ್ಡ್ ಅನ್ನೋದು ಇನ್ನೂ ದೊಡ್ಡ ಬಲೆ. 2014ರಲ್ಲಿ ಬಂದ ಜಿಟಿ 730ಕ್ಕೂ 4 ಜಿಬಿ ಮೆಮೊರಿ ಅಂಟಿಸಿ ಮಾರ್ತಾರೆ. ಅದು ಡಿಡಿಆರ್3 ಮೆಮೊರಿ, ಸೆಕೆಂಡಿಗೆ 30 ಜಿಬಿ ಡೇಟಾ ಕೂಡ ದಾಟಿಸೋಕೆ ಆಗಲ್ಲ. ಆರ್‌ಟಿಎಕ್ಸ್ 4060 ಅದೇ ಒಂದು ಸೆಕೆಂಡಲ್ಲಿ 272 ಜಿಬಿ ದಾಟಿಸುತ್ತೆ. ಇದು ಹಳೇ ಕಾರ್ಡಿನ ಕಥೆ ಮಾತ್ರ ಅಂದ್ಕೋಬೇಡಿ. ಆರ್‌ಟಿಎಕ್ಸ್ 3050 ಅನ್ನೋ ಒಂದೇ ಹೆಸರಲ್ಲಿ 8 ಜಿಬಿದೂ ಇದೆ, 2024ರಲ್ಲಿ ಬಂದ 6 ಜಿಬಿದೂ ಇದೆ. ವ್ಯತ್ಯಾಸ 2 ಜಿಬಿ ತಾನೇ ಅನ್ನಿಸುತ್ತೆ. ಆದರೆ 6 ಜಿಬಿ ಕಾರ್ಡಿನ ಚಿಪ್‌ನಲ್ಲೇ 2560ರ ಬದಲು 2304 ಕೋರ್ ಇರೋದು, ಮೆಮೊರಿ ದಾರಿ 128 ಬಿಟ್‌ನಿಂದ 96ಕ್ಕೆ ಇಳಿದಿದೆ. ಅದು ನಿಧಾನವಾದ ಬೇರೆ ಕಾರ್ಡೇ, ಹೆಸರು ಮಾತ್ರ ಒಂದು.

ಇಂಟೆಲ್‌ನ ಎದುರಾಳಿ ಎಎಂಡಿ ಕಡೆಗೂ ಬನ್ನಿ. ರೈಜನ್ 5 5500, ರೈಜನ್ 5 5600. ಎರಡೂ 6 ಕೋರ್, 12 ಥ್ರೆಡ್. ಆದರೆ 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32. ಗೇಮ್‌ಗಳಿಗೆ ಈ ಕ್ಯಾಶ್ ತುಂಬಾ ಮುಖ್ಯ. ಜೊತೆಗೆ ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐಇಯಲ್ಲಿ 5500 ಹಳೇ 3.0ಗೆ ನಿಂತುಬಿಡುತ್ತೆ. ಆರ್‌ಟಿಎಕ್ಸ್ 4060 ತರದ ಕಾರ್ಡುಗಳು ಸ್ಲಾಟಿನ 16 ಲೇನ್‌ಗಳಲ್ಲಿ 8 ಮಾತ್ರ ಬಳಸೋದ್ರಿಂದ, 3.0 ಸ್ಲಾಟಲ್ಲಿ ಕೂತರೆ 4.0ಕ್ಕೆ ಹೋಲಿಸಿದ್ರೆ ದಾರಿ ಅರ್ಧಕ್ಕರ್ಧ ಕಿರಿದಾಗುತ್ತೆ. ಕಾರ್ಡಿನ 8 ಜಿಬಿ ತುಂಬಿ ಹೊರಗಿನ ರ‍್ಯಾಮಿಗೆ ಕೈ ಚಾಚಿದಾಗ ಆ ಏಟು ಗೊತ್ತಾಗುತ್ತೆ: ಆಟ ಸರಾಗವಾಗಿ ಓಡ್ತಾ ಇದ್ದದ್ದು ಇದ್ದಕ್ಕಿದ್ದಂಗೆ ತಡವರಿಸುತ್ತೆ.

ಹಾಗಾದ್ರೆ ಎಲ್ಲಿಂದ ಶುರು ಮಾಡಬೇಕು? ಪ್ರೊಸೆಸರಿಂದ ಖಂಡಿತ ಅಲ್ಲ. ಮಾನಿಟರಿಂದ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆನಲ್ಲಿ 83 ಲಕ್ಷ. ಪ್ರತಿ ಫ್ರೇಮಿಗೂ ಕಾರ್ಡ್ ಇಷ್ಟನ್ನೂ ಬಣ್ಣ ಹಚ್ಚಿ ಕೊಡಬೇಕು. ಪರದೆ ಯಾವುದು ಅಂತ ನಿರ್ಧಾರ ಆಗದೇ ಕಾರ್ಡ್ ಆರಿಸೋಕೆ ಆಗೋದೇ ಇಲ್ಲ. ಮೊದಲ ಪಿಸಿಗೆ 24 ಇಂಚಿನ 1080ಪಿ, ಐಪಿಎಸ್ ಪ್ಯಾನೆಲ್, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗೋದು) ಅಥವಾ ಮೇಲೆ, ಸಾಕು. ಕೈಯಲ್ಲಿ ಇನ್ನೂ ದುಡ್ಡಿದ್ರೆ 27 ಇಂಚಿನ 1440ಪಿಗೆ ಹೋಗಿ. 27 ಇಂಚಿನ 1080ಪಿ ಮಾತ್ರ ಬೇಡ, ಅಕ್ಷರಗಳ ಅಂಚು ಒಡೆದು ಕಾಣುತ್ತೆ.

ಪರದೆ ಗೊತ್ತಾದ ಮೇಲೆ ಕಾರ್ಡ್. ಮಾನಿಟರ್ ಬಿಟ್ಟು ಉಳಿದ ಮೊತ್ತದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾರ್ಡಿಗೇ ಹೋಗಲಿ, ಅದು ನನ್ನ ಲೆಕ್ಕ. ಇಲ್ಲೂ ಹೆಸರಿನ ಗೊಂದಲ ಇದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಜಿಬಿ ಮತ್ತು 16 ಜಿಬಿ ರೂಪದಲ್ಲಿ ಸಿಗುತ್ತವೆ. ನಾಲ್ಕೈದು ವರ್ಷ ಇಟ್ಕೋಬೇಕು ಅನ್ನೋರು 16 ಜಿಬಿದೇ ತಗೊಳ್ಳಿ. ಈಗಿನ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ವಿವರ) ಹೈ ಇಟ್ಟರೆ 1080ಪಿಯಲ್ಲೇ 8 ಜಿಬಿ ತುಂಬಿಬಿಡುತ್ತೆ. ವ್ಯಾಲೊರಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2) ಅಷ್ಟೇ ಆಡ್ತೀನಿ ಅನ್ನೋರಿಗೆ 8 ಸಾಕು, ಅವರು ಉಳಿದ ದುಡ್ಡನ್ನ ಪ್ರೊಸೆಸರಿಗೆ ಹಾಕಲಿ. ಯಾಕಂದ್ರೆ ಆ ಆಟಗಳಲ್ಲಿ ಫ್ರೇಮ್ ಎಣಿಕೆ ಪ್ರೊಸೆಸರ್ ಮೇಲೆ ನಿಂತಿದೆ.

ಉಳಿದವರಿಗೆ ಪ್ರೊಸೆಸರ್ ವಿಷಯ ಸುಲಭ. 6 ಕೋರಿನ ಹೊಸದೊಂದು ಸಾಕು. ರೈಜನ್ 5 7600 ತಗೊಂಡ್ರೆ ಪೆಟ್ಟಿಗೆಯಲ್ಲೇ ಕೂಲರ್ ಇರುತ್ತೆ, ಎಎಂ5 ಸಾಕೆಟ್ ಆದ್ದರಿಂದ ಮುಂದೆ ಮದರ್‌ಬೋರ್ಡ್ ಬದಲಿಸದೇ ಪ್ರೊಸೆಸರ್ ಮಾತ್ರ ಬದಲಾಯಿಸಬಹುದು. ಇಂಟೆಲ್‌ನಲ್ಲಿ ಐ5-12400ಎಫ್. ಕೊನೆಯಲ್ಲಿರೋ ಎಫ್ ಅಕ್ಷರ ನೋಡಿಕೊಳ್ಳಿ: ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಅದು ವಾಪಸ್ ಬರೋವರೆಗೂ ಪರದೆ ಕಪ್ಪೇ. 7600ರಲ್ಲಿ ಆ ತೊಂದರೆ ಇಲ್ಲ. 7600ಕ್ಕೆ ಬಿ650 ಬೋರ್ಡ್ ಸಾಕು, ವೈಫೈ ಬೇಕಿದ್ರೆ ಮಾಡೆಲ್ ಹೆಸರಲ್ಲಿ ವೈಫೈ ಅಂತ ಇದೆಯಾ ನೋಡಿ.

ರ‍್ಯಾಮ್ 2025ರ ಕೊನೆಯಿಂದ ವಿಪರೀತ ದುಬಾರಿಯಾಗಿದೆ. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಎಳ್ಕೊಳ್ತಿವೆ. ಈ ಹೊತ್ತಲ್ಲಿ ದುಡ್ಡು ಉಳಿಸೋಕೆ 16 ಜಿಬಿಯ ಒಂದೇ ಕಡ್ಡಿ ಹಾಕ್ಕೊಡ್ತೀವಿ, ಆಮೇಲೆ ಇನ್ನೊಂದು ಸೇರಿಸಿ ಅಂತಾರೆ. ಒಪ್ಪಬೇಡಿ. ಒಂದೇ ಕಡ್ಡಿ ಅಂದ್ರೆ ಒಂದೇ ಚಾನೆಲ್, ಮೆಮೊರಿಯ ದಾರಿ ಅರ್ಧ. ಎರಡು 8 ಜಿಬಿ, ಆಗೋದಾದ್ರೆ ಎರಡು 16 ಜಿಬಿ, ಒಂದೇ ಕಿಟ್ಟಿನಲ್ಲಿ. ನಾಲ್ಕು ಕಡ್ಡಿ ಎಎಂ5ರಲ್ಲಿ ಬೇಡ, ವೇಗ ಇಳಿಸಬೇಕಾಗುತ್ತೆ.

ಎಸ್‌ಎಸ್‌ಡಿ 1 ಟಿಬಿ ಇರಲಿ, ಎನ್‌ವಿಎಂಇ ಅನ್ನೋ ವೇಗದ ಬಗೆಯದಿರಲಿ. ಎಂ.2 (ಬೋರ್ಡಿಗೇ ಕೂರೋ ಸಣ್ಣ ಪಟ್ಟಿ) ಅಂದ ಮಾತ್ರಕ್ಕೆ ಎನ್‌ವಿಎಂಇ ಆಗಲ್ಲ, ಅದೇ ಆಕಾರದಲ್ಲಿ ಸೆಕೆಂಡಿಗೆ 550 ಎಂಬಿ ದಾಟದ ಸಾಟಾ ಡ್ರೈವೂ ಬರುತ್ತೆ.

ಈಗ ಎಸ್‌ಎಂಪಿಎಸ್. ಇದರ ಬಗ್ಗೆ ನಾನು ಹಠ ಹಿಡೀತೀನಿ. ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬರೋ ಎಸ್‌ಎಂಪಿಎಸ್‌ನ ಪಕ್ಕ ತಿರುಗಿಸಿ ಚೀಟಿ ಓದಿ. ದೊಡ್ಡದಾಗಿ 450 ಅಂತ ಇರುತ್ತೆ. ಕೆಳಗೆ ಒಂದು ಸಣ್ಣ ಕೋಷ್ಟಕ: +3.3ವಿ, +5ವಿ, +12ವಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯೋದು 12 ವೋಲ್ಟ್ ಸಾಲಿನಿಂದ. ಅಲ್ಲಿ 16 ಆಂಪಿಯರ್ ಅಂತ ಇದ್ರೆ 12ರಿಂದ ಗುಣಿಸಿ: 192 ವ್ಯಾಟ್. ನಿಮಗೆ ಉಪಯೋಗಕ್ಕೆ ಬರೋದು ಅಷ್ಟೇ. ಒಳ್ಳೆಯ 650 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಅದೇ ಜಾಗದಲ್ಲಿ 54 ಆಂಪಿಯರ್ ಇರುತ್ತೆ, ಅಂದ್ರೆ 648 ವ್ಯಾಟ್.

ನಿಮ್ಮ ಪಿಸಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ. ರೈಜನ್ 5 7600ರ ಪೆಟ್ಟಿಗೆ ಮೇಲೆ 65 ವ್ಯಾಟ್ ಅಂತಿದ್ರೂ ಎಳೆಯೋದು 88ರವರೆಗೆ. ಆರ್‌ಟಿಎಕ್ಸ್ 5060 ಟಿಐ 180. ಬೋರ್ಡ್, ಫ್ಯಾನ್, ಡ್ರೈವ್ ಸೇರಿ ಇನ್ನೊಂದು 50. ಒಟ್ಟು 320ರ ಆಸುಪಾಸು. ಕಾರ್ಡುಗಳು ಮಿಲಿಸೆಕೆಂಡ್ ಲೆಕ್ಕದಲ್ಲಿ ಒಮ್ಮೆಗೇ ಜಾಸ್ತಿ ಎಳೀತವೆ, ಅದಕ್ಕೇ 550ರಿಂದ 650 ಇಟ್ಕೊಳ್ಳಿ ಅನ್ನೋದು. 80 ಪ್ಲಸ್ ಗೋಲ್ಡ್, ಬ್ರಾಂಜ್ ಅನ್ನೋದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದರ ಅಳತೆ ಮಾತ್ರ, ಒಳಗಿನ ರಕ್ಷಣೆ ಎಷ್ಟು ಗಟ್ಟಿ ಅಂತ ಅದು ಹೇಳಲ್ಲ. 5 ವರ್ಷ ಅಥವಾ ಹೆಚ್ಚು ವಾರಂಟಿ ಇದೆಯಾ ನೋಡಿ. ಇನ್ನೊಂದು ಎಚ್ಚರಿಕೆ: ಮಾಡ್ಯುಲರ್ (ಕೇಬಲ್ ಕಳಚಿ ಹಾಕಬಹುದಾದ) ಎಸ್‌ಎಂಪಿಎಸ್‌ನ ಕೇಬಲನ್ನ ಬೇರೆ ಎಸ್‌ಎಂಪಿಎಸ್‌ಗೆ ಹಾಕಲೇಬೇಡಿ. ತುದಿ ಸರಿಯಾಗಿ ಕೂತ್ಕೊಳ್ಳುತ್ತೆ, ಆದರೆ ಒಳಗೆ ತಂತಿಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಡ್ರೈವ್ ಸುಟ್ಟುಹೋಗುತ್ತೆ.

ಮನೆಯ ಕರೆಂಟಿನ ವಿಷಯ ವಿದೇಶಿ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಹೇಳಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತಾ? ಹೆಚ್ಚಿನ ಸಲ ಅದು ಎಸ್‌ಎಂಪಿಎಸ್ ಕೆಟ್ಟಿದ್ದಲ್ಲ, ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರೋ ಅಲ್ಪ ಕರೆಂಟನ್ನ ಅರ್ಥ್‌ಗೆ ಬಿಡುತ್ತವೆ, ಅರ್ಥ್ ಇಲ್ಲದಿದ್ರೆ ಕ್ಯಾಬಿನೆಟ್ ಮೇಲೆ 230ರ ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತೆ. ಪಿಸಿ ತರೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅಂಗಡಿಯ ಸಾಮಾನ್ಯ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಪಿಸಿ, ಮಾನಿಟರ್ ಎರಡನ್ನೂ ಅದು ಹೊರಲಾರದೆ ಕೈಬಿಡಬಹುದು, 1000 ವಿಎ ತಗೊಳ್ಳಿ. ಮನೆಯ ಇನ್ವರ್ಟರ್ ಮೇಲೇ ಓಡಿಸೋರು ಹಿಂದಿನ ಸ್ವಿಚ್ಚನ್ನ ಯುಪಿಎಸ್ ಮೋಡಿಗೆ ಹಾಕಿ. ಆಗ ಇನ್ವರ್ಟರ್ ಬೇಗ ಬ್ಯಾಟರಿಗೆ ಬದಲಾಗುತ್ತೆ; ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯೋದು ಸುಮಾರು 16 ಮಿಲಿಸೆಕೆಂಡ್ ಅಷ್ಟೇ.

ಕ್ಯಾಬಿನೆಟ್‌ಗೆ ಮುಂದೆ ಗಾಜು ಬೇಡ, ಜಾಲರಿ ಇರಲಿ. ರಾಯಚೂರು, ಕಲಬುರಗಿ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತೆ, ಅಲ್ಲಿ ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇಲ್ಲದೆ ಆಗಲ್ಲ. ಕಾರ್ಡಿನ ಉದ್ದ, ಕೂಲರಿನ ಎತ್ತರ ಮಿಲಿಮೀಟರ್ ಲೆಕ್ಕದಲ್ಲಿ ಹೋಲಿಸಿ.

ಬಿಲ್ ಜಿಎಸ್‌ಟಿದೇ ಇರಲಿ, ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿರಲಿ. ಬಿಲ್ ಬೇಡ ಅಂದ್ರೆ 18% ಉಳಿಯುತ್ತೆ ಅನ್ನೋ ಮಾತಿಗೆ ಮರುಳಾಗಬೇಡಿ, ವಾರಂಟಿ ಕೇಳೋಕೆ ಹೋದಾಗ ಕೈಯಲ್ಲಿ ಏನೂ ಇರಲ್ಲ.

ಜೋಡಿಸುವಾಗ ಕೂಲರ್ ತಳದ ಪ್ಲಾಸ್ಟಿಕ್ ಪದರ ಕೀಳೋದು ಮರೀಬೇಡಿ. ರ‍್ಯಾಮ್ ಕಡ್ಡಿಗಳು ಪ್ರೊಸೆಸರಿಂದ ಎಣಿಸಿದ್ರೆ 2ನೇ ಮತ್ತು 4ನೇ ಸ್ಲಾಟಿಗೆ. ಮಾನಿಟರ್ ಕೇಬಲ್ ಕಾರ್ಡಿಗೆ, ಬೋರ್ಡಿಗಲ್ಲ. ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 (ಈಗಿನ ಬಗೆಯ ರ‍್ಯಾಮ್) ಇರೋ ಪಿಸಿ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲುತ್ತೆ. ಫ್ಯಾನ್ ತಿರುಗ್ತಿರುತ್ತೆ, ಚಿತ್ರ ಇಲ್ಲ. ಬೋರ್ಡ್ ಆಗ ಮೆಮೊರಿ ಟ್ರೈನಿಂಗ್ ಮಾಡ್ತಿರುತ್ತೆ, ಅಂದ್ರೆ ರ‍್ಯಾಮ್ ಜೊತೆ ಹೊಂದಿಸಿಕೊಳ್ತಿರುತ್ತೆ. ಗಾಬರಿಯಾಗಿ ಪ್ಲಗ್ ಕಿತ್ತರೆ ಮತ್ತೆ ಮೊದಲಿಂದ. ಹತ್ತು ನಿಮಿಷ ಆದ್ರೂ ಏನೂ ಬರದಿದ್ರೆ ಮಾತ್ರ ಬೋರ್ಡಿನ ಮೇಲಿನ ಪ್ರೊಸೆಸರ್ ಕರೆಂಟಿನ 8 ಪಿನ್ ಕೇಬಲ್ ಹಾಕಿದ್ದೀರಾ ನೋಡಿ, ಎಲ್ಲರೂ ಮರೆಯೋದು ಅದನ್ನೇ.

ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ವೇಗ ನೋಡಿ. 6000ದ ಕಿಟ್ ತಗೊಂಡಿದ್ರೂ ಅಲ್ಲಿ 4800 ಅಂತ ಇರಬಹುದು. ಬಯಾಸ್‌ಗೆ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆಗೆ) ಹೋಗಿ, ಕಿಟ್ಟಿನ ಪೂರ್ತಿ ವೇಗ ಕೊಡೋ ಎಕ್ಸ್‌ಪೋ ಆನ್ ಮಾಡಿ, ಇನ್ನೊಮ್ಮೆ ಟ್ರೈನಿಂಗ್ ಆಗುತ್ತೆ, ಕಾಯಿರಿ. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ನೋಡಿ, 144ರ ಮಾನಿಟರೂ ಅಲ್ಲಿ 60ಕ್ಕೇ ನಿಂತಿರಬಹುದು.