ಮುಂದೆ 43, ಹಿಂದೆ 39: ನಮ್ಮ ಜೀಪಿನ ಹಲ್ಲಿನ ಲೆಕ್ಕ

ಮೂರು ಲಿವರ್ ಕಾಣುತ್ತಿವೆ ಅಲ್ವಾ? ಉದ್ದದ್ದು ಗೇರಿನದು. ಪಕ್ಕದ ಎರಡು ಗಿಡ್ಡ ಲಿವರ್‌ಗಳಲ್ಲಿ ಒಂದು ಫೋರ್ ವೀಲ್ ಹಾಕುವುದಕ್ಕೆ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡುವುದಕ್ಕೆ. ಇನ್ನೊಂದು ಹೈ–ಲೋ ಬದಲಿಸುವುದಕ್ಕೆ, ಲೋ ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ. ಹೋದ ಮಳೆಗಾಲದಲ್ಲಿ ಆ ಫೋರ್ ವೀಲ್ ಲಿವರ್ ನನ್ನನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟಿತ್ತು. ಸಕಲೇಶಪುರದ ಹತ್ತಿರ, ಹಾನುಬಾಳಿನ ಕಡೆ. ತೋಟದ ಕೆಸರು ದಾಟಿ ಡಾಂಬರಿಗೆ ಹತ್ತಿದ್ದೆ. ಟೂ ವೀಲ್‌ಗೆ ತರೋಣ ಅಂತ ಎಳೆದರೆ ಲಿವರ್ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಆಗಲೂ ಇಲ್ಲ. ಹಿಂದೆ ಕಾಫಿ ಚೀಲ ಹೇರಿದ್ದ ಪಿಕಪ್ ಒಂದು ಹಾರ್ನ್ ಹೊಡೆಯುತ್ತಿತ್ತು. ಕೊನೆಗೆ ರಿವರ್ಸ್ ಹಾಕಿ ಎರಡು ಮಾರು ಹಿಂದಕ್ಕೆ ಬಂದಾಗ ಕೆಳಗಿನಿಂದ 'ಠಣ್' ಅಂತ ಸದ್ದು ಬಂತು. ಲಿವರ್ ತಾನಾಗಿ ಬಿಟ್ಟಿತು.

ಆ ಠಣ್ ಅನ್ನುವ ಸದ್ದು ಯಾಕೆ ಬಂತು ಅಂತ ಹುಡುಕುತ್ತಾ ಹೋಗಿದ್ದೇ ಈ ವಿಡಿಯೋ.

ಗಾಡಿ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇದು ಮಹೀಂದ್ರ ಸಿಜೆ 3ಬಿ. ಅಮೆರಿಕದಲ್ಲಿ ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಮಾಡೆಲ್. ಬಾನೆಟ್ ಇಷ್ಟು ಎತ್ತರ ಇದೆಯಲ್ಲ, ಅದು ಚಂದಕ್ಕೆ ಮಾಡಿದ್ದಲ್ಲ. ಹರಿಕೇನ್ ಅನ್ನುವ ಪೆಟ್ರೋಲ್ ಎಂಜಿನ್ ಎತ್ತರ ಜಾಸ್ತಿ, ಅದು ಒಳಗೆ ಕೂರಲಿ ಅಂತ ಮಾಡಿದ್ದು. ನಮ್ಮ ಗಾಡಿಯಲ್ಲಿ ಆ ಎಂಜಿನ್ ಈಗಿಲ್ಲ. ಹಿಂದಿನ ಮಾಲೀಕರೇ ಡೀಸೆಲ್ ಕೂರಿಸಿದ್ದರು. ಗೇರ್‌ಬಾಕ್ಸ್ ಮಾತ್ರ ಹಳೆಯದೇ, ಮೂರು ಗೇರಿನದು.

ಈ ಜೀಪು ಫ್ಯಾಕ್ಟರಿಯಿಂದ ಬಂದಾಗ ಎರಡೂ ಆಕ್ಸಲ್‌ನಲ್ಲಿ 5.38 ಅನುಪಾತ ಇತ್ತು. ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್‌ನಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್‌ನಲ್ಲಿ 8. ಭಾಗಿಸಿದರೆ 5.38 ಬರುತ್ತದೆ. ಅಂದರೆ ಆಕ್ಸಲ್‌ಗೆ ಶಕ್ತಿ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು.

ಎರಡು ವರ್ಷದ ಹಿಂದೆ ಹಿಂದಿನ ಆಕ್ಸಲ್ ಕೂಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಕ್ರೌನ್–ಪಿನಿಯನ್ ಬದಲಿಸಿಕೊಟ್ಟರು. 'ಜೀಪಿನದೇ ಸಾಮಾನು' ಅಂದರು. ಜೀಪಿನದೇ ಹೌದು, ಆದರೆ 39 ಹಲ್ಲಿನದು. ಅದೇ 8 ಹಲ್ಲಿನ ಪಿನಿಯನ್ ಜೊತೆ ಅದು 4.88 ಆಗುತ್ತದೆ. ಮುಂದಿನ ಆಕ್ಸಲ್ ಅನ್ನು ಯಾರೂ ಮುಟ್ಟಲಿಲ್ಲ. ನಾನೂ ಕೇಳಲಿಲ್ಲ. ರಸ್ತೆಯಲ್ಲಿ ಎಂಜಿನ್ ಹಗುರವಾಗಿ ಓಡುತ್ತಿದೆ ಅಂತ ಖುಷಿಯಲ್ಲೇ ಇದ್ದೆ. ಸ್ಪೀಡೋಮೀಟರ್ ಕಡಿಮೆ ತೋರಿಸಲು ಶುರುವಾಗಿದ್ದೂ ಆವಾಗಲೇ. ಅದನ್ನು ಕೇಬಲ್ ತೊಂದರೆ ಅಂದುಕೊಂಡೆ.

ಈಗ ಫೋರ್ ವೀಲ್ ಹಾಕಿದರೆ ಏನಾಗುತ್ತದೆ ನೋಡಿ. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್. ಈ ಜೀಪಿನದರಲ್ಲಿ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಇಲ್ಲ. ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ಹಲ್ಲಿನ ಲೆಕ್ಕ ಬೇರೆ ಬೇರೆ. ಮುಂದಿನ ಚಕ್ರ 10 ಸುತ್ತು ಮುಗಿಸುವಷ್ಟರಲ್ಲಿ ಹಿಂದಿನದು 11 ಸುತ್ತಬೇಕು. ನೆಲ ಒಂದೇ, ಗಾಡಿ ಒಂದೇ, ಹೇಗೆ ಸಾಧ್ಯ? ಕೆಸರಿನಲ್ಲಾದರೆ ಟೈರ್ ಜಾರಿ ಆ ಒಂದು ಸುತ್ತು ಎಲ್ಲೋ ಕಳೆದುಹೋಗುತ್ತದೆ. ಅದಕ್ಕೇ ನನಗೆ ಇಷ್ಟು ದಿನ ಗೊತ್ತಾಗಲಿಲ್ಲ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಹಗ್ಗ ಹುರಿ ಹಾಕಿದ ಹಾಗೆ ಶಾಫ್ಟ್‌ಗಳು ಬಿಗಿಯಾಗುತ್ತಾ ಹೋಗುತ್ತವೆ. ಲಿವರ್ ಸಿಕ್ಕಿಹಾಕಿಕೊಳ್ಳುವುದು ಆ ಬಿಗಿತಕ್ಕೆ. ರಿವರ್ಸ್ ಬಂದಾಗ ಅದು ಬಿಚ್ಚಿಕೊಂಡ ಸದ್ದೇ ಆ ಠಣ್. ಮುಂದುವರಿಸಿದರೆ ಶಾಫ್ಟ್ ತುದಿಯ ಕೀಲು ಯುಜೆ ಕ್ರಾಸ್ ಮುರಿಯಬಹುದು, ಟ್ರಾನ್ಸ್‌ಫರ್ ಕೇಸ್‌ನ ಗೇರ್ ಹಾಳಾಗಬಹುದು. ಎರಡೂ ಆಕ್ಸಲ್ ಸರಿ ಇದ್ದರೂ ಒಣ ಡಾಂಬರಿನಲ್ಲಿ ಈ ಗಾಡಿಗೆ ಫೋರ್ ವೀಲ್ ಹಾಕಬಾರದು, ತಿರುವಿನಲ್ಲಿ ಇದೇ ಬಿಗಿತ ಸ್ವಲ್ಪ ಬರುತ್ತದೆ. ಆದರೆ ನಮ್ಮದರಲ್ಲಿ ನೇರ ರಸ್ತೆಯಲ್ಲೂ ಪ್ರತಿ ಗಜಕ್ಕೂ ಬರುತ್ತಿತ್ತು.

ಇದನ್ನು ಹಿಡಿದದ್ದು ಒಂದು ಸೀಮೆಸುಣ್ಣದಲ್ಲಿ. ಹಳೆ ಜೀಪ್ ಕೊಳ್ಳುವವರು ಈ ಭಾಗ ದಯವಿಟ್ಟು ಬಿಡದೆ ನೋಡಿ. ಗೇರ್ ನ್ಯೂಟ್ರಲ್‌ನಲ್ಲಿ, ಫೋರ್ ವೀಲ್ ತೆಗೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಮೇಲೆ ಎತ್ತಿದ್ದೇವೆ. ಟೈರ್ ಮೇಲೆ ಒಂದು ಗೆರೆ, ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಗೆರೆ. ಇನ್ನೊಂದು ಕಡೆಯ ಚಕ್ರ ನೆಲದಲ್ಲಿ ನಿಂತಿರುವುದರಿಂದ ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಬೇಕು. ನನ್ನ ತಮ್ಮ ಗಾಡಿ ಕೆಳಗೆ ಮಲಗಿ ಶಾಫ್ಟ್ ಎಷ್ಟು ಸುತ್ತುತ್ತದೆ ಅಂತ ಎಣಿಸುತ್ತಿದ್ದಾನೆ. ಒಂದು, ಎರಡು, ಮೂರು, ನಾಲ್ಕು, ಐದಕ್ಕೆ ಸ್ವಲ್ಪ ಕಡಿಮೆ. ಅದು 4.88. ಇನ್ನು ಮುಂದಿನದು. ಹಬ್ ಲಾಕ್ ಮಾಡಿ, ಅಂದರೆ ಚಕ್ರವನ್ನು ಆಕ್ಸಲ್‌ಗೆ ಜೋಡಿಸಿ, ಹಾಗೇ ತಿರುಗಿಸಿದೆ. ಐದು ದಾಟಿ, ಗೆರೆ ಇನ್ನೂ ಮೂರನೇ ಒಂದು ಸುತ್ತಿಗಿಂತ ಮುಂದೆ ಹೋಗಿ ನಿಂತಿತು. ಮತ್ತೆ ಮಾಡಿದೆವು. ಅದೇ ಬಂತು. ತಮ್ಮ ಕೆಳಗಿನಿಂದಲೇ ನನ್ನ ಮುಖ ನೋಡಿದ.

ಮುಂದೆ ಎರಡು ದಾರಿ ಇದ್ದವು. ಹಿಂದಿನದನ್ನು ಮತ್ತೆ 43ಕ್ಕೆ ತರುವುದು, ಇಲ್ಲವೇ ಮುಂದಿನದನ್ನೂ 39ಕ್ಕೆ ಇಳಿಸುವುದು. ದೊಡ್ಡ ಟೈರ್ ಹಾಕಿದವರು ದೊಡ್ಡ ಸಂಖ್ಯೆಗೇ ಹೋಗಬೇಕು, ಇಲ್ಲದಿದ್ದರೆ ಎಂಜಿನ್ ಎಳೆಯುವುದಿಲ್ಲ. ನಮ್ಮದು ಸುಮ್ನೆ ಹಳೆಯ 6.00–16 ಟೈರ್. ಟಾಪ್ ಗೇರಿನಲ್ಲಿ 60 ಕಿಲೋಮೀಟರ್ ವೇಗಕ್ಕೆ 5.38ರಲ್ಲಿ ಎಂಜಿನ್ ಸುಮಾರು 2450 ಆರ್‌ಪಿಎಂ ತಿರುಗುತ್ತದೆ, 4.88ರಲ್ಲಿ ಸುಮಾರು 2200. ಹಳೆಯ ಡೀಸೆಲ್‌ಗೆ ಆ ವ್ಯತ್ಯಾಸ ತುಂಬಾ ದೊಡ್ಡದು. ಕಳೆದುಕೊಳ್ಳುವುದೂ ಇದೆ. ಲೋದಲ್ಲಿ, ಫಸ್ಟ್ ಗೇರಿನಲ್ಲಿ ಮೊದಲು ಎಂಜಿನ್ 37 ಸುತ್ತಿಗೆ ಚಕ್ರ ಒಂದು ಸುತ್ತು ಇತ್ತು, ಈಗ 33.6. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಅಷ್ಟರಮಟ್ಟಿಗೆ ಕಡಿಮೆ. ನಮ್ಮ ತೋಟದ ಏರು ಡೀಸೆಲ್ ಎಳೆತಕ್ಕೆ ಸಾಕು ಅಂತ ನನಗೆ ಧೈರ್ಯವಿತ್ತು. ಮುಂದಿನದನ್ನೇ ಬದಲಿಸಲು ನಿರ್ಧರಿಸಿದೆ.

ಜಿಪ್ಸಿಯಲ್ಲಾದರೆ ಡಿಫರೆನ್ಷಿಯಲ್ ಅನ್ನು ಪೂರ್ತಿಯಾಗಿ ಬಿಚ್ಚಿ ಟೇಬಲ್ ಮೇಲೆ ಇಟ್ಟುಕೊಂಡು ಕೂರಿಸಬಹುದು. ಈ ಜೀಪಿನಲ್ಲಿ ಹಾಗಾಗುವುದಿಲ್ಲ. ಹೌಸಿಂಗ್ ಒಳಗೇ, ಗಾಡಿ ಕೆಳಗೆ ಮಲಗಿಯೇ ಎಲ್ಲ ಆಗಬೇಕು. ಈ ಸಲ ಹೋದದ್ದು ಮೂವತ್ತು ವರ್ಷದಿಂದ ಜೀಪ್ ಆಕ್ಸಲ್ ಕೆಲಸವನ್ನೇ ಮಾಡುತ್ತಿರುವ ಒಬ್ಬ ಮೇಸ್ತ್ರಿ ಹತ್ತಿರ. ಹೊಸ ಜೋಡಿ ಕೈಗೆ ಕೊಟ್ಟ ತಕ್ಷಣ ಅವರು ಮಾಡಿದ ಮೊದಲ ಕೆಲಸ, ಕ್ರೌನ್ ಮೇಲೂ ಪಿನಿಯನ್ ಮೇಲೂ ಕೊರೆದ ನಂಬರ್ ಒಂದೇ ಇದೆಯಾ ಅಂತ ನೋಡಿದ್ದು. ಇವು ಹುಟ್ಟುವಾಗಲೇ ಜೋಡಿ, ಒಂದಕ್ಕೊಂದು ತೀಡಿ ಮಾಡಿರುತ್ತಾರೆ. ಒಂದನ್ನು ಬಿಟ್ಟು ಇನ್ನೊಂದು ಹಾಕಿದರೆ ಕೂಗು ಗ್ಯಾರಂಟಿ.

ಈ ಶಾಟ್ ನನಗೆ ತುಂಬಾ ಇಷ್ಟ. ಪಿನಿಯನ್‌ಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಯುತ್ತಿದ್ದಾರೆ. ಬೇರಿಂಗ್ ಎಷ್ಟು ಬಿಗಿ ಕೂತಿದೆ ಅನ್ನುವುದನ್ನು ತಕ್ಕಡಿ ಮುಳ್ಳು ಹೇಳುತ್ತದೆ. ಆಮೇಲೆ ಕ್ರೌನ್ ಹಲ್ಲುಗಳಿಗೆ ನೀಲಿ ಪೇಸ್ಟ್ ಹಚ್ಚಿ, ಬಟ್ಟೆಯಿಂದ ಅದುಮಿ ಹಿಡಿದು ತಿರುಗಿಸಿದರು. ಮೊದಲ ಸಲ ಗುರುತು ಹಲ್ಲಿನ ಬುಡಕ್ಕೆ ಬಿತ್ತು. ಪಿನಿಯನ್ ಜಾಸ್ತಿ ಒಳಗೆ ಹೋಗಿದೆ ಅಂತ ಅರ್ಥ. ಪೂರ್ತಿ ಬಿಚ್ಚಿ, ಶಿಮ್ ಅನ್ನುವ ಲೋಹದ ಬಿಲ್ಲೆ ತೆಗೆದು ಅದಕ್ಕಿಂತ ತೆಳುವಾದದ್ದು ಹಾಕಿ, ಮತ್ತೆ ಕೂರಿಸಿ ನೋಡಿದರು. ಇನ್ನೂ ಸ್ವಲ್ಪ ಕೆಳಗೆ. ಮತ್ತೆ ಬಿಚ್ಚಿದರು. ಮೂರನೇ ಸಲಕ್ಕೆ ನೋಡಿ, ಹಲ್ಲಿನ ಸರಿ ನಡುವೆ, ಬೆಂಡೆ ಬೀಜದಷ್ಟು ದುಂಡಗಿನ ಹೊಳೆಯುವ ಗುರುತು. ಮುಂದಿನ ಆಕ್ಸಲ್‌ನಲ್ಲಿ ಗಾಡಿ ಮುಂದಕ್ಕೆ ಹೋಗುವಾಗ ಹಲ್ಲಿನ ಹಿಂಬದಿ ಮುಖ ಕೆಲಸ ಮಾಡುತ್ತದಂತೆ, ಹಾಗಾಗಿ ಅವರು ಆ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತಿದ್ದರು.

ಪ್ರತಿ ಸಲ ಬಿಚ್ಚುವಾಗ ಬೇರಿಂಗ್ ಹಾಳಾಗುವುದಿಲ್ಲವಾ ಅಂತ ಕೇಳಿದೆ. ಅವರು ಡಬ್ಬಿಯಿಂದ ಒಂದು ಹಳೆ ಬೇರಿಂಗ್ ತೆಗೆದು ಬೆರಳಿಗೆ ಹಾಕಿ ತೋರಿಸಿದರು. ಒಳಮೈ ಉಜ್ಜಿ ಸಡಿಲ ಮಾಡಿಟ್ಟಿದ್ದಾರೆ. ಅಳತೆಗೆ ಅದು, ಅಳತೆ ಸರಿಯಾದ ಮೇಲೆ ಹೊಸದು. ಕೊನೆಗೆ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಡಿಲ ನೋಡಿದರು. 6 ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಆರು. ಎರಡು ಕೂದಲೆಳೆಯಷ್ಟು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಕೆಲಸಕ್ಕೆ ಆಗ ಸಂಜೆ ಆರು.

ಎಣ್ಣೆ ತುಂಬಿಸುವ ಮೊದಲು ನಾನೇ ಸೀಮೆಸುಣ್ಣ ಕೇಳಿ ತೆಗೆದುಕೊಂಡೆ. ಮುಂದೆ, ಐದಕ್ಕೆ ಸ್ವಲ್ಪ ಕಡಿಮೆ. ಹಿಂದೆ, ಐದಕ್ಕೆ ಸ್ವಲ್ಪ ಕಡಿಮೆ. ಗೆರೆ ನಿಂತ ಜಾಗವೂ ಒಂದೇ.

ಹೊಸ ಹಲ್ಲುಗಳು ಪಳಗುವವರೆಗೆ ಭಾರ ಹೇರುವಂತಿಲ್ಲ. ಮೊದಲ ಓಟ 25 ಕಿಲೋಮೀಟರ್, ಆಮೇಲೆ ನಿಲ್ಲಿಸಿ ಪೂರ್ತಿ ಆರಲು ಬಿಡಬೇಕು. ಹೌಸಿಂಗ್ ಮೇಲೆ ಕೈ ಇಟ್ಟು ನೋಡಿದೆ, ಬಿಸಿಯಿತ್ತು, ಸುಡುತ್ತಿರಲಿಲ್ಲ. ಫೋರ್ ವೀಲ್ ಹಾಕಿದಾಗ ಮಾತ್ರ ಮುಂದಿನ ಹಲ್ಲುಗಳಿಗೆ ಕೆಲಸ, ಹಾಗಾಗಿ ತೋಟದ ಮಣ್ಣು ರಸ್ತೆಯಲ್ಲೇ ಓಡಿಸುತ್ತಿದ್ದೇನೆ. 800 ಕಿಲೋಮೀಟರ್ ಆದ ಮೇಲೆ ಎಣ್ಣೆ ಬದಲಿಸಬೇಕು. ಸ್ಪೀಡೋಮೀಟರ್ ಇನ್ನೂ ಸರಿ ಮಾಡಿಸಿಲ್ಲ, ಮುಳ್ಳು 54ರಲ್ಲಿದ್ದರೆ ನಿಜವಾದ ವೇಗ 60.

ಇದು ನಿನ್ನೆ ಬೆಳಿಗ್ಗೆ. ರಾತ್ರಿ ಮಳೆ ಬಂದಿತ್ತು. ಲೋ ಹಾಕಿ ಕಾಫಿ ಕಣದ ಹಿಂದಿನ ಏರು ಹತ್ತಿಸಿ, ಮೇಲೆ ಗಟ್ಟಿ ನೆಲದಲ್ಲಿ ನಿಲ್ಲಿಸಿದೆ. ನನ್ನ ಕೈ ನೋಡಿ. ಎರಡೇ ಬೆರಳು. ಲಿವರ್ ಸದ್ದಿಲ್ಲದೆ ಬಂತು.